ನಾಟಿಂಗ್‌ಹ್ಯಾಮ್‌ನಲ್ಲಿ ಕ್ರಿಕೆಟ್ ಬೇರೂರಿದ್ದು ಹೇಗೆ? ಟ್ರೆಂಟ್ ಬ್ರಿಜ್‌ಗೆ ಬೇಲಿ ಹಾಕಿದ ಕ್ಲಾರ್ಕ್ ಬಗ್ಗೆ ಮಾತಾಡೋಣ

ಟ್ರೆಂಟ್_ದಂಡೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಟ್ರೆಂಟ್ ಬ್ರಿಜ್ ಮೈದಾನ ಅಂದರೆ ನಮ್ಮವರಿಗೆ ಮೊದಲು ನೆನಪಾಗುವುದು 2002ರ ಟೆಸ್ಟ್. ಇಂಗ್ಲೆಂಡ್ 617 ರನ್ ಗುಡ್ಡೆ ಹಾಕಿತ್ತು. ದ್ರಾವಿಡ್ ಎರಡನೇ ಇನಿಂಗ್ಸ್‌ನಲ್ಲಿ 115 ಹೊಡೆದು, ಸಚಿನ್ ಮತ್ತು ಗಂಗೂಲಿ ಜೊತೆ ಸೇರಿ ಪಂದ್ಯ ಉಳಿಸಿದರು. 2011ರಲ್ಲಿ ಅದೇ ಮೈದಾನದಲ್ಲಿ ಮತ್ತೆ 117. ಆದರೆ ಆ ಮೈದಾನ ಹುಟ್ಟಿದ ಕಥೆ ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ನಾನು ಈಗ ಇದೇ ಊರಲ್ಲಿ ಕೆಲಸದಲ್ಲಿದ್ದೇನೆ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಮೈದಾನ ಮಾಡಿದವನು ವಿಲಿಯಂ ಕ್ಲಾರ್ಕ್. ಹುಟ್ಟಿದ್ದು 1798ರ ಡಿಸೆಂಬರ್‌ನಲ್ಲಿ, ಇದೇ ಊರಲ್ಲಿ. ಕಸುಬು ಇಟ್ಟಿಗೆ ಗಾರೆ ಕೆಲಸ. ಆಮೇಲೆ ಊರ ನಡುವಿನ ಏಂಜೆಲ್ ರೋನಲ್ಲಿ ಬೆಲ್ ಇನ್ ಅನ್ನುವ ಪಬ್ ನೋಡಿಕೊಂಡ. ಹೆಂಡತಿ ತೀರಿಕೊಂಡ ಮೇಲೆ, 1837ರ ಕೊನೆಯಲ್ಲಿ ಮೇರಿ ಚಾಪ್ಮನ್ ಎಂಬ ವಿಧವೆಯನ್ನು ಮದುವೆಯಾದ. ಆಕೆ ನದಿಯಾಚೆ ಟ್ರೆಂಟ್ ಬ್ರಿಜ್ ಇನ್ ನಡೆಸುತ್ತಿದ್ದಳು. ಆ ಪಬ್ಬಿನ ಹಿಂದೆ ಖಾಲಿ ಜಾಗ ಇತ್ತು. 1838ರಲ್ಲಿ ಕ್ಲಾರ್ಕ್ ಅದನ್ನು ಸಮ ಮಾಡಿಸಿ, ಬೇಲಿ ಹಾಕಿ, ಕ್ರಿಕೆಟ್ ಶುರು ಮಾಡಿದ. ನೋಡಲು ಬಂದವರಿಗೆ ಆರು ಪೆನ್ನಿ ಟಿಕೆಟ್ ಇಟ್ಟ. 1840ರಲ್ಲಿ ಅಲ್ಲಿ ನಾಟಿಂಗ್‌ಹ್ಯಾಮ್‌ಶೈರ್ ಮತ್ತು ಸಸೆಕ್ಸ್ ನಡುವೆ ಮೊದಲ ಪ್ರಥಮ ದರ್ಜೆ ಪಂದ್ಯ ಆಯಿತು. ಮರುವರ್ಷ ಕೌಂಟಿ ಕ್ಲಬ್ ಹುಟ್ಟಿತು.

ಅಲ್ಲಿಯವರೆಗೆ ಊರಿನವರು ಆಡುತ್ತಿದ್ದದ್ದು ಉತ್ತರ ದಿಕ್ಕಿನ ಫಾರೆಸ್ಟ್‌ನಲ್ಲಿ. ಹೆಸರು ಫಾರೆಸ್ಟ್ ಅಂತ ಇದ್ದರೂ ಅದು ಬಯಲು, ಕುದುರೆ ರೇಸ್ ನಡೆಯುತ್ತಿದ್ದ ಜಾಗ. ಅಲ್ಲಿ ಯಾರು ಬೇಕಾದರೂ ಬಿಟ್ಟಿ ನಿಂತು ಪಂದ್ಯ ನೋಡಬಹುದಿತ್ತು. ಹಾಗಾಗಿ ಕ್ಲಾರ್ಕ್‌ನ ಟಿಕೆಟ್ ಊರಿನವರಿಗೆ ಹಿಡಿಸಲಿಲ್ಲ. ಪೇಟೆಯಿಂದ ಅಷ್ಟು ದೂರ ನಡೆದುಕೊಂಡು ಹೋಗಿ ಕಾಸನ್ನೂ ಕೊಡಬೇಕಾ ಅಂತ ಗೊಣಗಿದರು.

ನನಗೆ ಅನ್ನಿಸುವುದು ಇಷ್ಟು: ಕ್ರಿಕೆಟ್ ಆಡಿ ಹೊಟ್ಟೆ ಹೊರೆಯಬಹುದು ಅನ್ನುವ ಧೈರ್ಯ ದುಡಿಯುವ ಜನಕ್ಕೆ ಬಂದದ್ದರಲ್ಲಿ ಆ ಬೇಲಿಯ ಪಾಲು ದೊಡ್ಡದು. ನೀವೇನಂತೀರಿ?

ಹಳೇ_ಸ್ಕೋರ್‌ಬುಕ್

ಒಳ್ಳೆ ವಿಷಯ ಎತ್ತಿದ್ದೀರಿ ಸರ್. ಆದರೆ ಕಥೆ 1838ರಿಂದ ಶುರುವಾದರೆ ಅರ್ಧ ಊರೇ ಬಿಟ್ಟುಹೋಗುತ್ತದೆ. ಕ್ಲಾರ್ಕ್ ಹುಟ್ಟುವ ಮೊದಲೇ ಇಲ್ಲಿ ಆಟ ಚೆನ್ನಾಗಿ ಬೇರು ಬಿಟ್ಟಿತ್ತು.

1771ರ ಆಗಸ್ಟ್‌ನಲ್ಲಿ ನಾಟಿಂಗ್‌ಹ್ಯಾಮ್ ಮತ್ತು ಶೆಫೀಲ್ಡ್ ಇದೇ ಫಾರೆಸ್ಟ್ ಬಯಲಲ್ಲಿ ಆಡಿದವು. ಈ ಊರಿನ ಕ್ರಿಕೆಟ್‌ಗೆ ಸಿಗುವ ಮೊದಲ ದೊಡ್ಡ ದಾಖಲೆ ಅದು. ಪಂದ್ಯ ಮುಗಿಯಲೇ ಇಲ್ಲ. ಶೆಫೀಲ್ಡ್ ಆಟಗಾರನೊಬ್ಬನನ್ನು ಯಾರೋ ತಳ್ಳಿದರು ಅಂತ ಜಗಳ ಹತ್ತಿಕೊಂಡು ಆಟ ಅಲ್ಲಿಗೇ ನಿಂತಿತು. ಆಗ ಲಂಡನ್ನಿನ ಎಂಸಿಸಿ (ಮೇರಿಲೆಬೋನ್ ಕ್ರಿಕೆಟ್ ಕ್ಲಬ್) ಅನ್ನುವ ಕ್ಲಬ್ಬೇ ಇರಲಿಲ್ಲ, ಅದು ಬಂದದ್ದು 1787ರಲ್ಲಿ. ಕ್ರಿಕೆಟ್ ಅಂದರೆ ಇಂಗ್ಲೆಂಡಿನ ದಕ್ಷಿಣದ ಆಟ, ಕೆಂಟ್, ಸಸೆಕ್ಸ್, ಹ್ಯಾಂಪ್‌ಶೈರ್‌ನ ಆಟ ಅಂತ ನಾವು ಓದುತ್ತೇವೆ ಅಲ್ವಾ? ಅದೇ ಹೊತ್ತಿಗೆ ಈ ಎರಡು ಕೈಕಸುಬಿನ ಊರುಗಳು ಪೈಪೋಟಿಗೆ ಬಿದ್ದಿದ್ದವು. ಒಂದು ಕಡೆ ಚಾಕು ಚೂರಿ ಮಾಡುವವರು, ಇನ್ನೊಂದು ಕಡೆ ಕಾಲುಚೀಲ ಹೆಣೆಯುವವರು.

1791ರಲ್ಲಿ ಎಂಸಿಸಿಯವರು ಇಲ್ಲಿಗೆ ಬಂದರು. ನದಿ ಕಡೆಯ ಕಿಂಗ್ಸ್ ಮೆಡೋ ಹುಲ್ಲುಗಾವಲಲ್ಲಿ ಆಟ. ನಾಟಿಂಗ್‌ಹ್ಯಾಮ್ ಸುಲಭವಾಗಿ ಸೋತಿತು. ಲಂಡನ್ನಿನ ಮಟ್ಟ ಏನು ಅಂತ ಊರಿಗೆ ಕಣ್ಣಾರೆ ಗೊತ್ತಾಯಿತು.

ಇನ್ನು 1817ರದ್ದು. ಇಂಗ್ಲೆಂಡ್ ಹನ್ನೊಂದು ಮಂದಿ, ಎದುರಿಗೆ ನಾಟಿಂಗ್‌ಹ್ಯಾಮ್‌ನ ಇಪ್ಪತ್ತೆರಡು ಮಂದಿ. ಆಗ ಅದು ಮಾಮೂಲಿ, ತಂಡದ ಬಲ ಸರಿದೂಗಿಸಲು ಜನ ಜಾಸ್ತಿ ಮಾಡುತ್ತಿದ್ದರು. ಇಂಗ್ಲೆಂಡ್ ತಂಡದಲ್ಲಿ ಸರ್ರೆಯ ವಿಲಿಯಂ ಲ್ಯಾಂಬರ್ಟ್ ಇದ್ದ. ಒಂದೇ ಪಂದ್ಯದ ಎರಡೂ ಇನಿಂಗ್ಸ್‌ನಲ್ಲಿ ಶತಕ ಹೊಡೆದ ಮೊದಲಿಗ ಅವನು, ಅದೂ ಅದೇ 1817ರಲ್ಲಿ, ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ. ಅಂಥವನು ನಾಟಿಂಗ್‌ಹ್ಯಾಮ್‌ನಲ್ಲಿ ಬೇಕಂತಲೇ ಕೆಟ್ಟದಾಗಿ ಆಡಿದ ಅನ್ನುವ ಆರೋಪ ಬಂತು. ಪಂದ್ಯ ಊರಿನವರ ಪಾಲಾಯಿತು. ಲ್ಯಾಂಬರ್ಟ್‌ಗೆ ಲಾರ್ಡ್ಸ್ ಬಾಗಿಲು ಮುಚ್ಚಿತು. ಮತ್ತೆ ತೆರೆಯಲಿಲ್ಲ.

ಆ ಕಾಲದ ದೊಡ್ಡ ಪಂದ್ಯಗಳೆಲ್ಲ ಬಾಜಿ ಹಣದ ಮೇಲೆ ನಡೆಯುತ್ತಿದ್ದವು. ಆಟಗಾರನಿಗೆ ಕಾಸು ಸಿಕ್ಕರೆ ಅದು ಬಾಜಿ ಕಟ್ಟುವ ಶ್ರೀಮಂತನ ಕೈಯಿಂದ. ಅದಕ್ಕೇ ಕ್ಲಾರ್ಕ್‌ನ ಆರು ಪೆನ್ನಿ ನನಗೂ ಮುಖ್ಯ ಅನ್ನಿಸುತ್ತದೆ. ಮೊದಲು ಒಬ್ಬ ಧಣಿ ಕೊಡುತ್ತಿದ್ದ. ಈಗ ಸಾವಿರ ಜನ ಸ್ವಲ್ಪ ಸ್ವಲ್ಪ ಕೊಡತೊಡಗಿದರು. ಆಟಗಾರ ಯಾರ ಮುಖ ನೋಡಿ ಆಡಬೇಕು ಅನ್ನುವುದೇ ಬದಲಾಯಿತು.

ಹುಬ್ಬಳ್ಳಿ_ರೈಲು

ನನ್ನದೊಂದು ಪ್ರಶ್ನೆ. ಕ್ರಿಕೆಟ್‌ಗೆ ಆಗ ಎರಡು ಮೂರು ದಿನ ಬೇಕು. ಕಾರ್ಖಾನೆ ಊರಲ್ಲಿ ಕೂಲಿ ಜನಕ್ಕೆ ಅಷ್ಟು ಬಿಡುವು ಹೇಗೆ ಸಿಗುತ್ತಿತ್ತು? ಮ್ಯಾಂಚೆಸ್ಟರ್ ಗಿರಣಿಗಳ ಬಗ್ಗೆ ಓದಿದರೆ ಉಸಿರಾಡಲೂ ಪುರುಸೊತ್ತು ಇಲ್ಲ ಅನ್ನಿಸುತ್ತದೆ.

ಬನಹಟ್ಟಿ_ಮಗ್ಗ

ಅಣ್ಣಾ, ಇದಕ್ಕೆ ನಾನು ಹೇಳುತ್ತೇನೆ. ನಾನು ನೇಕಾರರ ಮನೆ ಹುಡುಗಿ. ನಾಟಿಂಗ್‌ಹ್ಯಾಮ್‌ನ ಈ ಭಾಗ ಓದಿದಾಗ ನನಗೆ ನಮ್ಮ ಬನಹಟ್ಟಿಯ ಓಣಿ ಕಣ್ಣ ಮುಂದೆ ಬಂತು. ನಮ್ಮಪ್ಪನಿಗೆ ಸೀರೆಗೆ ಇಷ್ಟು ಅಂತ ಕೂಲಿ. ಗಂಟೆ ಲೆಕ್ಕ ಇಲ್ಲ, ಸೈರನ್ ಇಲ್ಲ. ಎರಡು ದಿನ ಮಗ್ಗ ನಿಲ್ಲಿಸಿ ಜಾತ್ರೆಗೆ ಹೋದರೆ, ಬಂದಮೇಲೆ ರಾತ್ರಿಯೆಲ್ಲ ಕೂತು ಸರಿ ಮಾಡಿಕೊಳ್ಳುತ್ತಿದ್ದರು.

ನಾಟಿಂಗ್‌ಹ್ಯಾಮ್ ಸುತ್ತಲೂ ಹಾಗೇ ಇತ್ತು. ಕಾಲುಚೀಲ ಹೆಣೆಯುವ ಯಂತ್ರವನ್ನು 1589ರಲ್ಲಿ ಕಂಡುಹಿಡಿದವನು ವಿಲಿಯಂ ಲೀ. ಪಕ್ಕದ ಕ್ಯಾಲ್ವರ್ಟನ್ ಹಳ್ಳಿಯವನು ಅಂತಲೇ ಹೇಳುತ್ತಾರೆ. ಮುಂದೆ ಎರಡೂವರೆ ಶತಮಾನ ಆ ಸೀಮೆಯ ಹಳ್ಳಿ ಹಳ್ಳಿಯಲ್ಲಿ ಆ ಯಂತ್ರ ಮನೆಯೊಳಗೇ ಇತ್ತು. ಬೆಳಕಿಗೆ ಅಂತ ಗೋಡೆಯುದ್ದಕ್ಕೂ ಅಗಲವಾದ ಕಿಟಕಿ. ಗಂಡ ಹೆಣೆಯುವುದು, ಹೆಂಡತಿ ಹೊಲಿಗೆ ಹಾಕುವುದು, ಮಕ್ಕಳು ನೂಲು ಸುತ್ತುವುದು. ವಾರದ ಕೊನೆಗೆ ಸರಕು ಒಪ್ಪಿಸಬೇಕು. ಹೊಸ ನೂಲು ಬರುವವರೆಗೆ ವಾರದ ಮೊದಲ ದಿನಗಳು ಸಡಿಲ. ಕ್ರಿಕೆಟ್ ಹುಟ್ಟಿದ್ದು ಆ ಸಡಿಲ ದಿನಗಳಲ್ಲಿ. ಗಿರಣಿಯ ಗಂಟೆ ಇದ್ದ ಕಡೆ ಸೋಮವಾರ ಬ್ಯಾಟ್ ಹಿಡಿಯಲು ಆಗುತ್ತಿರಲಿಲ್ಲ.

ಹಾಗಂತ ಸುಖದ ಬದುಕು ಅಂತ ಯಾರೂ ಅಂದುಕೊಳ್ಳಬೇಡಿ. ಯಂತ್ರ ಅವರದ್ದಲ್ಲ. ಕೆಲಸ ಇರಲಿ ಬಿಡಲಿ, ಯಂತ್ರಕ್ಕೆ ವಾರವಾರ ಬಾಡಿಗೆ ಕಟ್ಟಲೇಬೇಕು. 1840ರ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ವಾರದ ದುಡಿಮೆ ಹತ್ತು ಶಿಲಿಂಗ್ ಮುಟ್ಟುವುದೂ ಕಷ್ಟ. ಇಪ್ಪತ್ತು ಶಿಲಿಂಗ್‌ಗೆ ಒಂದು ಪೌಂಡ್. 1811ರಲ್ಲಿ ಲಡ್ಡೈಟರು ಅಂತ ಕರೆಸಿಕೊಂಡ ಸಿಟ್ಟಿಗೆದ್ದ ಕೆಲಸಗಾರರ ಯಂತ್ರ ಒಡೆಯುವ ಗಲಾಟೆ ಶುರುವಾದದ್ದು ಇಲ್ಲಿಯ ಆರ್ನಾಲ್ಡ್ ಹಳ್ಳಿಯಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಅದೇ ಆರ್ನಾಲ್ಡ್‌ನಲ್ಲಿ ಹುಟ್ಟಿದ ಮಗು ಸ್ಯಾಮ್ ರೆಡ್‌ಗೇಟ್. ಮುಂದೆ ಇಂಗ್ಲೆಂಡಿನ ದೊಡ್ಡ ವೇಗದ ಬೌಲರ್‌ಗಳಲ್ಲಿ ಒಬ್ಬನಾದ.

ಅಂಥ ಮನೆಗಳ ಹುಡುಗರಿಗೆ ಒಂದು ಪಂದ್ಯಕ್ಕೆ ಕೆಲವು ಪೌಂಡ್ ಸಿಗುತ್ತದೆ ಅಂದರೆ ಏನರ್ಥ ಅಂತ ಯೋಚಿಸಿ.

ಮೈಸೂರು_ಮೇಷ್ಟ್ರು

ಬನಹಟ್ಟಿಯವರು ಬರೆದದ್ದು ತುಂಬಾ ಚೆನ್ನಾಗಿದೆ. ಆದರೆ ಮೂಲ ಪ್ರಶ್ನೆಗೆ ನನ್ನ ತಕರಾರಿದೆ. ಬೇಲಿಯನ್ನು ಇಷ್ಟು ಹೊಗಳುವುದು ನನಗೆ ಒಪ್ಪಿಗೆ ಇಲ್ಲ. ಫಾರೆಸ್ಟ್ ಬಯಲಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬಡವರ ಮಕ್ಕಳು ದೊಡ್ಡವರ ಆಟ ನೋಡಿ ಕಲಿಯುತ್ತಿದ್ದದ್ದು ಅಲ್ಲೇ. ಕ್ಲಾರ್ಕ್ ಕೂಡ ಹುಡುಗನಾಗಿದ್ದಾಗ ಕಲಿತದ್ದು ಬೇಲಿ ಇಲ್ಲದ ಬಯಲಲ್ಲೇ ಅಲ್ವಾ? ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಊರೊಟ್ಟಿನ ಜಮೀನುಗಳಿಗೆಲ್ಲ ಬೇಲಿ ಬೀಳುತ್ತಿತ್ತು. ಆಟಕ್ಕೂ ಬೇಲಿ ಬಿತ್ತು ಅಂತ ನನಗೆ ಕಾಣುತ್ತದೆ.

ಟ್ರೆಂಟ್_ದಂಡೆ

ಮೇಷ್ಟ್ರೇ, ನಿಮ್ಮ ಮಾತು ತೂಕದ್ದೇ. ಆದರೆ ಒಂದು ವಿಷಯ ಗಮನಿಸಿ. ಕ್ಲಾರ್ಕ್ ಬೇಲಿ ಹಾಕಿದ್ದು ಊರ ಬಯಲಿಗಲ್ಲ, ಪಬ್ಬಿನ ಹಿಂದಿನ ಜಾಗಕ್ಕೆ. ಫಾರೆಸ್ಟ್ ಹಾಗೇ ಉಳಿಯಿತು.

ಅದು ಉಳಿದದ್ದಕ್ಕೂ ಕಾರಣ ಇದೆ. ನಾಟಿಂಗ್‌ಹ್ಯಾಮ್ ಸುತ್ತ ಊರೊಟ್ಟಿನ ಹೊಲ, ಹುಲ್ಲುಗಾವಲು ಇದ್ದವು. ಅವುಗಳ ಮೇಲೆ ಊರಿನ ಹಕ್ಕುದಾರರಿಗೆ ದನ ಮೇಯಿಸುವ ಹಕ್ಕು. ಅದನ್ನು ಬಿಟ್ಟುಕೊಡಲು ಅವರು ಒಪ್ಪಲಿಲ್ಲ. ಹಾಗಾಗಿ ಪೇಟೆ ಹೊರಗೆ ಬೆಳೆಯಲು ಜಾಗವೇ ಇಲ್ಲದೆ ಒಳಗೊಳಗೇ ಇಕ್ಕಟ್ಟಾಯಿತು. ಬಡವರ ಓಣಿಗಳು ಇಂಗ್ಲೆಂಡಿನಲ್ಲೇ ಕೆಟ್ಟವು ಅಂತ ಹೆಸರು ಪಡೆದವು. ಕೊನೆಗೆ 1845ರಲ್ಲಿ ಕಾಯ್ದೆ ಬಂದು ಜಮೀನು ಹಂಚಿಕೆಯಾಯಿತು. ಅದೇ ಕಾಯ್ದೆಯಲ್ಲಿ ಫಾರೆಸ್ಟ್‌ನ ಒಂದು ಭಾಗವನ್ನು ಜನರ ಓಡಾಟಕ್ಕೆ, ಆಟಕ್ಕೆ ಅಂತ ಬಿಟ್ಟರು. ಇವತ್ತಿಗೂ ಅದು ಬಯಲೇ. ನದಿ ಕಡೆಯ ಹುಲ್ಲುಗಾವಲುಗಳ ಮೇಲೆ ಮಾತ್ರ ಮುಂದೆ ಸಾಲು ಮನೆ, ರೈಲು ಹಳಿ ಬಂದವು. ಆ ಬಡಾವಣೆಯ ಹೆಸರು ಈಗಲೂ ಮೆಡೋಸ್.

ಬಿಟ್ಟಿ ಬಯಲು ಹುಡುಗರಿಗೆ ಆಟ ಕಲಿಸಿತು, ಖಂಡಿತ. ಆದರೆ ಬಯಲು ಅವರಿಗೆ ಊಟ ಹಾಕಲಿಲ್ಲ. ರೆಡ್‌ಗೇಟ್ ತೀರಿಕೊಂಡದ್ದು 1851ರಲ್ಲಿ, ವಯಸ್ಸು ಇನ್ನೂ ನಲವತ್ತು.

ಕೊಪ್ಪದ_ಸ್ಪಿನ್ನರ್

ಕ್ಲಾರ್ಕ್‌ಗೆ ಒಂದು ಕಣ್ಣು ಇರಲಿಲ್ಲ ಅಂತ ಎಲ್ಲೋ ಓದಿದ ನೆನಪು. ನಿಜಾನಾ? ಒಕ್ಕಣ್ಣಲ್ಲಿ ಬೌಲಿಂಗ್ ಹೇಗೆ?

ಹಳೇ_ಸ್ಕೋರ್‌ಬುಕ್

ನಿಜ. ಫೈವ್ಸ್ ಅಂತ ಒಂದು ಆಟ ಇದೆ, ಗೋಡೆಗೆ ಚೆಂಡನ್ನು ಕೈಯಿಂದ ಹೊಡೆಯುವುದು. ಅದನ್ನು ಆಡುವಾಗ ಬಲಗಣ್ಣಿಗೆ ಪೆಟ್ಟು ಬಿದ್ದು ದೃಷ್ಟಿ ಹೋಯಿತು. ಆಗ ಅವನಿಗೆ ಮೂವತ್ತರ ಆಸುಪಾಸು. ಅವನ ದೊಡ್ಡ ಹೆಸರೆಲ್ಲ ಅದಾದ ಮೇಲಿನದ್ದು.

ನೀವು ಸ್ಪಿನ್ನರ್ ಅಂದಿರಿ, ಹಾಗಾಗಿ ಬೌಲಿಂಗ್ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 1835ರಲ್ಲಿ ನಿಯಮ ಬದಲಾಗಿ, ಭುಜದ ಎತ್ತರದವರೆಗೆ ಕೈ ಎತ್ತಿ ಎಸೆಯುವ ರೌಂಡ್‌ಆರ್ಮ್‌ಗೆ ಪೂರ್ತಿ ಅನುಮತಿ ಸಿಕ್ಕಿತು. ಎಲ್ಲರೂ ಆ ಕಡೆ ಓಡಿದರು. ವೇಗ ಹೆಚ್ಚಿತು. ಕ್ಲಾರ್ಕ್ ಮಾತ್ರ ಕೈ ಕೆಳಗಿಟ್ಟು ಎಸೆಯುವ ಹಳೆಯ ಅಂಡರ್‌ಆರ್ಮ್ ಬಿಡಲಿಲ್ಲ. ಅವನ ಕ್ರಮ ಹೀಗಿತ್ತು: ಓಡಿ ಬಂದು, ಕೊನೆ ಕ್ಷಣದಲ್ಲಿ ಮೊಣಕೈ ಹಿಂದಕ್ಕೆ ಮಡಚಿ, ಚೆಂಡನ್ನು ಹೆಚ್ಚೂಕಡಿಮೆ ಕಂಕುಳ ಹತ್ತಿರ ತಂದು, ಸೊಂಟದ ಎತ್ತರದಿಂದ ಬಿಡುತ್ತಿದ್ದ. ಬೇರೆ ಅಂಡರ್‌ಆರ್ಮ್ ಬೌಲರ್‌ಗಳಿಗಿಂತ ಚೆಂಡು ಎತ್ತರದಿಂದ ಬರುತ್ತಿತ್ತು. ಅದಕ್ಕೇ ನೆಲಕ್ಕೆ ಬಿದ್ದ ಮೇಲೆ ಪುಟಿಯುತ್ತಿತ್ತು, ಬ್ಯಾಟ್ಸ್‌ಮನ್‌ನ ಕಾಲಿನ ಕಡೆಯಿಂದ ತಿರುಗುತ್ತಿತ್ತು. ವೇಗದ ರೌಂಡ್‌ಆರ್ಮ್‌ಗೆ ಒಗ್ಗಿದ ಬ್ಯಾಟ್ಸ್‌ಮನ್ ಇದೇನು ಸುಲಭ ಅಂತ ಮುಂದೆ ಬರುವುದು, ಚೆಂಡು ಅವನ ಲೆಕ್ಕಕ್ಕಿಂತ ಒಂದಡಿ ಮುಂಚೆ ಬೀಳುವುದು. ಆಮೇಲೆ ಒಂದೋ ಕ್ಯಾಚ್, ಇಲ್ಲ ಸ್ಟಂಪಿಂಗ್.

ಇನ್ನೊಂದು ಗುಣ, ಎದುರಾಳಿಯನ್ನು ಓದುವುದು. ಪಂದ್ಯಕ್ಕೆ ಮುಂಚೆ ಆ ಕಡೆಯವರು ಅಭ್ಯಾಸ ಮಾಡುವುದನ್ನು ನೋಡುತ್ತಾ ಓಡಾಡುತ್ತಿದ್ದ. ಯಾರು ಎಲ್ಲಿ ಎಡವುತ್ತಾರೆ ಅಂತ ಮನಸ್ಸಲ್ಲೇ ಗುರುತು ಹಾಕಿಕೊಳ್ಳುತ್ತಿದ್ದ. ಲಾರ್ಡ್ಸ್‌ನಲ್ಲಿ ಜಂಟಲ್‌ಮೆನ್ (ಹವ್ಯಾಸಿಗಳು) ವಿರುದ್ಧ ಪ್ಲೇಯರ್ಸ್ (ಹಣಕ್ಕೆ ಆಡುವ ವೃತ್ತಿಪರರು) ತಂಡಕ್ಕೆ ಮೊದಲ ಸಲ ಆಡಿದ್ದು 1846ರಲ್ಲಿ, 47ನೇ ವಯಸ್ಸಲ್ಲಿ. 1853ರ ಒಂದೇ ಋತುವಿನಲ್ಲಿ ಎಲ್ಲ ಬಗೆಯ ಪಂದ್ಯ ಸೇರಿ 476 ವಿಕೆಟ್. ಅದರಲ್ಲಿ ಬಹುಪಾಲು ಇಪ್ಪತ್ತೆರಡು ಮಂದಿಯ ತಂಡಗಳ ವಿರುದ್ಧ. ಆದರೂ ಐವತ್ತನಾಲ್ಕರ ಮನುಷ್ಯ ಅಷ್ಟು ಓವರ್ ಹಾಕುವುದು ಸಾಮಾನ್ಯ ಅಲ್ಲ.

ಹುಬ್ಬಳ್ಳಿ_ರೈಲು

1846 ಅಂದಿರಿ. ಊರೂರು ಸುತ್ತಿ ಆಡುವ ವೃತ್ತಿಪರರ ತಂಡ ಆಲ್ ಇಂಗ್ಲೆಂಡ್ ಇಲೆವೆನ್ ಅನ್ನು ಕ್ಲಾರ್ಕ್ ಕಟ್ಟಿದ್ದೂ ಅದೇ ವರ್ಷ ಅಲ್ವಾ? ಇಲ್ಲಿ ರೈಲಿನ ಮಾತು ಬರಲೇಬೇಕು. ನಾಟಿಂಗ್‌ಹ್ಯಾಮ್‌ಗೆ ಮೊದಲ ರೈಲು ಬಂದದ್ದು 1839ರಲ್ಲಿ, ಡರ್ಬಿಯಿಂದ. ಅದಕ್ಕೆ ಮುಂಚೆ ಕೋಚ್ ಗಾಡಿ. ಹನ್ನೊಂದು ಜನ ಆಟಗಾರರನ್ನು ಈ ವಾರ ಒಂದು ಊರಿಗೆ, ಮುಂದಿನ ವಾರ ಇನ್ನೊಂದು ಊರಿಗೆ ಕರೆದೊಯ್ಯುವುದು ಗಾಡಿಯಲ್ಲಿ ಆಗದ ಮಾತು. ಹಳಿ ಬಿದ್ದ ಕಡೆಯೆಲ್ಲ ಕ್ಲಾರ್ಕ್ ತಂಡ ಹೋಯಿತು. ಮೊದಲ ಪಂದ್ಯ 1846ರ ಆಗಸ್ಟ್ 31ಕ್ಕೆ ಶೆಫೀಲ್ಡ್‌ನ ಹೈಡ್ ಪಾರ್ಕ್‌ನಲ್ಲಿ, ಇಪ್ಪತ್ತು ಮಂದಿ ಸ್ಥಳೀಯರ ವಿರುದ್ಧ. ಶೆಫೀಲ್ಡ್‌ನವರೇ ಗೆದ್ದರು. ಆಮೇಲೆ ಮ್ಯಾಂಚೆಸ್ಟರ್, ಲೀಡ್ಸ್. ಕೆಂಟ್‌ನ ಆಲ್ಫ್ರೆಡ್ ಮಿನ್, ಫೆಲಿಕ್ಸ್ ಅಂಥವರ ಆಟವನ್ನು ಉತ್ತರದ ಸಣ್ಣ ಊರಿನವರು ಮೊದಲ ಸಲ ಕಣ್ಣಾರೆ ನೋಡಿದ್ದು ಹಾಗೆ. ತಂಡ ಬಂದು ಹೋದ ಕಡೆ ಹೊಸ ಕ್ಲಬ್, ಹೊಸ ಮೈದಾನ ಎದ್ದವು.

ಬನಹಟ್ಟಿ_ಮಗ್ಗ

ಈಗ ನಾನು ಕ್ಲಾರ್ಕ್‌ನ ಎದುರು ಪಕ್ಷ ಹಿಡಿಯುತ್ತೇನೆ. ಆಟಗಾರರಿಗೆ ಪಂದ್ಯಕ್ಕೆ ನಾಲ್ಕರಿಂದ ಆರು ಪೌಂಡ್ ಕೊಡುತ್ತಿದ್ದ. ಕಾಲುಚೀಲದ ಕೂಲಿಗೆ ಹೋಲಿಸಿದರೆ ಅದು ದೊಡ್ಡ ಮೊತ್ತವೇ. ಆದರೆ ತಂಡ ಅವನದ್ದು, ಪಂದ್ಯ ಗೊತ್ತು ಮಾಡುವವನು ಅವನು, ಉಳಿದ ಹಣ ಹೋಗುತ್ತಿದ್ದದ್ದು ಅವನ ಜೇಬಿಗೆ. ಯಾರನ್ನು ಆಡಿಸಬೇಕು, ಯಾರನ್ನು ಬಿಡಬೇಕು ಅನ್ನುವುದೂ ಅವನ ಇಷ್ಟ. 1852ರಲ್ಲಿ ಜಾನ್ ವಿಸ್ಡನ್, ಜೇಮ್ಸ್ ಡೀನ್ ಮತ್ತು ಜೊತೆಯವರು ರೋಸಿಹೋಗಿ ಹೊರಬಂದು ಯುನೈಟೆಡ್ ಆಲ್ ಇಂಗ್ಲೆಂಡ್ ಇಲೆವೆನ್ ಕಟ್ಟಿದರು. ಕ್ಲಾರ್ಕ್ ಮುಂದಾಳಾಗಿರುವ ಪಂದ್ಯದಲ್ಲಿ ಆಡುವುದಿಲ್ಲ ಅಂತ ಘೋಷಿಸಿದರು. ಅವನು ಬದುಕಿರುವವರೆಗೆ ಎರಡು ತಂಡ ಮುಖಾಮುಖಿ ಆಗಲಿಲ್ಲ. 1856ರಲ್ಲಿ ಅವನು ತೀರಿಕೊಂಡ. ಮರುವರ್ಷವೇ ಲಾರ್ಡ್ಸ್‌ನಲ್ಲಿ ಎರಡೂ ತಂಡ ಆಡಿ, ಬಂದ ಹಣವನ್ನು ಕಷ್ಟದಲ್ಲಿರುವ ಆಟಗಾರರ ನಿಧಿಗೆ ಕೊಟ್ಟವು.

ಧಣಿ ಹೋಗಿ ಮೇಸ್ತ್ರಿ ಬಂದ. ನೂಲು ಕೊಟ್ಟು ಸೀರೆ ತೆಗೆದುಕೊಂಡು ಹೋಗುವವರ ಕೆಳಗೆ ದುಡಿದ ಮನೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ದಾರಿ ತೆರೆದವನೇ ಸುಂಕದ ಕಟ್ಟೆಯನ್ನೂ ಕಟ್ಟಿಕೊಂಡ ಅನ್ನುವುದು ನನ್ನ ಅಭಿಪ್ರಾಯ.

ಮೈಸೂರು_ಮೇಷ್ಟ್ರು

ಸರಿಯಾಗಿ ಹೇಳಿದೆ ತಾಯಿ. ಅದರ ಮುಂದಿನ ಕಂತು 1881ರದ್ದು. ಆಲ್ಫ್ರೆಡ್ ಶಾ, ಆರ್ಥರ್ ಶ್ರೂಸ್‌ಬರಿ ಸೇರಿ ನಾಟಿಂಗ್‌ಹ್ಯಾಮ್‌ಶೈರ್‌ನ ಏಳು ಆಟಗಾರರು ಕೌಂಟಿ ಕ್ಲಬ್ ವಿರುದ್ಧ ಸಿಡಿದರು. ತಮ್ಮ ಪಂದ್ಯಗಳನ್ನು ತಾವೇ ಏರ್ಪಡಿಸಿಕೊಳ್ಳುವ ಸ್ವಾತಂತ್ರ್ಯ, ಖಾತ್ರಿ ಒಪ್ಪಂದ, ಸಹಾಯಾರ್ಥ ಪಂದ್ಯದ (ಬಂದ ಹಣ ಆಟಗಾರನಿಗೇ ಸೇರುವ ಪಂದ್ಯ) ಭರವಸೆ ಬೇಕು ಅಂದರು. ಕ್ಲಬ್ ಒಪ್ಪಲಿಲ್ಲ. ಆ ಋತುವಿನ ಬಹುಭಾಗ ಅವರಿಲ್ಲದೇ ಹೋಯಿತು. ಕೊನೆಗೆ ಎಲ್ಲರೂ ಮರಳಿದರು, ಗೆದ್ದದ್ದು ಕ್ಲಬ್ಬೇ. ಆದರೆ ಕ್ರಿಕೆಟ್ ಆಟಗಾರರು ಕೂಲಿಕಾರರ ಹಾಗೆ ಒಟ್ಟಾಗಿ ಹಕ್ಕು ಕೇಳಿದ್ದು ಈ ಊರಲ್ಲಿ ಅನ್ನುವುದು ಆಕಸ್ಮಿಕ ಅಲ್ಲ. ಶಾ ಕೂಡ ಚಿಕ್ಕಂದಿನಲ್ಲಿ ಕಾಲುಚೀಲದ ಯಂತ್ರದ ಮುಂದೆ ಕೂತವನೇ. 1877ರಲ್ಲಿ ಮೆಲ್ಬರ್ನ್‌ನಲ್ಲಿ ಟೆಸ್ಟ್ ಕ್ರಿಕೆಟ್‌ನ ಮೊಟ್ಟಮೊದಲ ಚೆಂಡು ಹಾಕಿದ್ದು ಆ ಕೈ.

ಟ್ರೆಂಟ್_ದಂಡೆ

ಬನಹಟ್ಟಿಯವರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಅದು ಸರಿ. ಆದರೂ ಲೆಕ್ಕದ ಇನ್ನೊಂದು ಬದಿ ನೋಡಿ. ಕ್ಲಾರ್ಕ್ ನಂತರ ತಂಡ ಜಾರ್ಜ್ ಪಾರ್ ಕೈಗೆ ಬಂತು. ಟ್ರೆಂಟ್ ದಂಡೆಯ ರ್‍ಯಾಡ್‌ಕ್ಲಿಫ್‌ನವನು, ಆ ಕಾಲದ ಇಂಗ್ಲೆಂಡಿನ ದೊಡ್ಡ ಬ್ಯಾಟ್ಸ್‌ಮನ್. 1859ರಲ್ಲಿ ಹನ್ನೆರಡು ವೃತ್ತಿಪರ ಆಟಗಾರರು ಅವನ ನಾಯಕತ್ವದಲ್ಲಿ ಕೆನಡಾ, ಅಮೆರಿಕಕ್ಕೆ ಹಡಗು ಹತ್ತಿದರು. ಆರು ಮಂದಿ ಕ್ಲಾರ್ಕ್‌ನ ಹಳೆ ತಂಡದವರು, ಆರು ಮಂದಿ ಸಿಡಿದು ಹೋದ ತಂಡದವರು. ವಿಸ್ಡನ್ ಕೂಡ ಜೊತೆಗಿದ್ದ. ಇಂಗ್ಲೆಂಡ್ ತಂಡವೊಂದು ಪರದೇಶಕ್ಕೆ ಹೋದ ಮೊದಲ ಪ್ರವಾಸ ಅದು. ಯಾವ ಲಾರ್ಡ್ ಕೂಡ ಅದರಲ್ಲಿ ಇರಲಿಲ್ಲ. ಎಲ್ಲ ಆಡಿ ಬದುಕುವವರು.

ಪಾರ್ ಲೆಗ್ ಕಡೆ ಹೊಡೆಯುವುದರಲ್ಲಿ ಪ್ರಸಿದ್ಧ. ಟ್ರೆಂಟ್ ಬ್ರಿಜ್‌ನಲ್ಲಿ ಆ ಕಡೆ ಒಂದು ಎಲ್ಮ್ ಮರ ಇತ್ತು. ಚೆಂಡು ಮತ್ತೆ ಮತ್ತೆ ಅದಕ್ಕೆ ಬಡಿಯುತ್ತಿದ್ದದ್ದರಿಂದ ಅದಕ್ಕೆ ಪಾರ್ ಮರ ಅಂತಲೇ ಹೆಸರಾಯಿತು. 1891ರಲ್ಲಿ ಅವನು ತೀರಿಕೊಂಡಾಗ ಶವಪೆಟ್ಟಿಗೆಯ ಮೇಲೆ ಆ ಮರದ ಕೊಂಬೆ ಇಟ್ಟಿದ್ದರು. ಮರ 1976ರ ಜನವರಿಯ ಬಿರುಗಾಳಿಗೆ ಬಿತ್ತು.

ಕೊಪ್ಪದ_ಸ್ಪಿನ್ನರ್

ಜಿಎಂ ಬ್ಯಾಟ್ ಈ ಊರಿನದ್ದೇ ಅಂತ ಕೇಳಿದ್ದೆ. ನಮ್ಮ ತಾಲ್ಲೂಕಿನ ಟೂರ್ನಿಗಳಲ್ಲಿ ಆ ಸ್ಟಿಕರ್ ಇರುವ ಬ್ಯಾಟ್ ಹಿಡಿದು ಬಂದವನಿಗೆ ಬೇರೆಯೇ ಮರ್ಯಾದೆ.

ಹಳೇ_ಸ್ಕೋರ್‌ಬುಕ್

ಹೌದು. ಗನ್ ಅಂಡ್ ಮೂರ್, 1885ರಲ್ಲಿ ಶುರುವಾಯಿತು. ಗನ್ ಅಂದರೆ ವಿಲಿಯಂ ಗನ್, ನಾಟಿಂಗ್‌ಹ್ಯಾಮ್‌ಶೈರ್ ಮತ್ತು ಇಂಗ್ಲೆಂಡ್ ಪರ ಆಡಿದ ಬ್ಯಾಟ್ಸ್‌ಮನ್. ಶಾ ಮತ್ತು ಶ್ರೂಸ್‌ಬರಿ ಅದಕ್ಕೂ ಮುಂಚೆಯೇ ಇದೇ ಊರಲ್ಲಿ ಆಟದ ಸಾಮಾನಿನ ವ್ಯಾಪಾರ ಇಟ್ಟಿದ್ದರು. ಆಟಗಾರರು ತಮ್ಮ ಕಾಲ ಮೇಲೆ ನಿಲ್ಲಲು ಕಂಡುಕೊಂಡ ಇನ್ನೊಂದು ದಾರಿ.

ಇನ್ನು ಟ್ರೆಂಟ್ ಬ್ರಿಜ್‌ನ ಮೊದಲ ಟೆಸ್ಟ್ 1899ರ ಜೂನ್ 1ಕ್ಕೆ, ಆಸ್ಟ್ರೇಲಿಯಾ ವಿರುದ್ಧ. ನಾಟಿಂಗ್‌ಹ್ಯಾಮ್‌ಗೆ ನಗರ ಅನ್ನುವ ಪಟ್ಟ ಸಿಕ್ಕಿ ಎರಡೇ ವರ್ಷ ಆಗಿತ್ತು. ಡಬ್ಲ್ಯು.ಜಿ. ಗ್ರೇಸ್‌ಗೆ ಅದು ಕೊನೆಯ ಟೆಸ್ಟ್. ವಿಲ್ಫ್ರೆಡ್ ರೋಡ್ಸ್‌ಗೂ ಆಸ್ಟ್ರೇಲಿಯಾದ ವಿಕ್ಟರ್ ಟ್ರಂಪರ್‌ಗೂ ಮೊದಲನೆಯದು.

ಬನಹಟ್ಟಿ_ಮಗ್ಗ

ಟ್ರೆಂಟ್ ದಂಡೆ ಅಣ್ಣಾ, ನಮ್ಮ ತಮ್ಮ ಓದಲು ಅಲ್ಲಿಗೆ ಬರುತ್ತಿದ್ದಾನೆ. ಇದನ್ನೆಲ್ಲ ನೋಡಬೇಕು ಅಂದರೆ ಎಲ್ಲೆಲ್ಲಿಗೆ ಹೋಗಬೇಕು ಅಂತ ಹೇಳಿ.

ಟ್ರೆಂಟ್_ದಂಡೆ

ಖಂಡಿತ ತಂಗಿ. ಮೊದಲು ಫಾರೆಸ್ಟ್ ಬಯಲು, ಟ್ರಾಮ್ ಅಲ್ಲೇ ನಿಲ್ಲುತ್ತದೆ. ಶರತ್ಕಾಲದಲ್ಲಿ ಬಂದರೆ ಗೂಸ್ ಫೇರ್ ಜಾತ್ರೆಯೂ ಸಿಗುತ್ತದೆ, 1928ರಿಂದ ಅಲ್ಲೇ ನಡೆಯುತ್ತಿದೆ. ಅಲ್ಲಿಂದ ಪೇಟೆಗೆ ಇಳಿದು ಏಂಜೆಲ್ ರೋಗೆ ಬರಲಿ. ಬೆಲ್ ಇನ್ ಇನ್ನೂ ಇದೆ. ಆಮೇಲೆ ಮೆಡೋಸ್ ದಾಟಿ ದಕ್ಷಿಣಕ್ಕೆ ನಡೆದರೆ ನದಿ, ಸೇತುವೆ, ಟ್ರೆಂಟ್ ಬ್ರಿಜ್ ಇನ್, ಅದರ ಹಿಂದೆ ಮೈದಾನ. ಈಗಿರುವ ಪಬ್ಬಿನ ಕಟ್ಟಡ ಕ್ಲಾರ್ಕ್ ಕಾಲದ್ದಲ್ಲ, ಆಮೇಲೆ ಕಟ್ಟಿದ್ದು. ಮೈದಾನದಲ್ಲಿ ಕ್ಲಾರ್ಕ್ ಹೆಸರಿನ ಸ್ಟ್ಯಾಂಡ್ ಇದೆ.

ನಿಮ್ಮ ಮನೆಯವನು ತಪ್ಪದೇ ನೋಡಬೇಕಾದದ್ದು ಇನ್ನೊಂದಿದೆ. ಟ್ರೆಂಟ್ ಬ್ರಿಜ್‌ನಿಂದ ದಕ್ಷಿಣಕ್ಕೆ ಇನ್ನೂ ಸ್ವಲ್ಪ ದೂರ ಹೋದರೆ ರಡಿಂಗ್ಟನ್ ಅಂತ ಊರು. ಅಲ್ಲಿ ಕಾಲುಚೀಲ ಹೆಣೆಯುವವರ ಹಳೆಯ ಕಾರ್ಯಾಗಾರ ಮತ್ತು ಮನೆಗಳನ್ನೇ ಮ್ಯೂಸಿಯಂ ಮಾಡಿದ್ದಾರೆ. ನೀವು ಹೇಳಿದ ಅಗಲ ಕಿಟಕಿಗಳು, ಯಂತ್ರಗಳು ಎಲ್ಲ ಇವೆ. ವರ್ಷಪೂರ್ತಿ ಪ್ರತಿದಿನ ತೆರೆದಿರುವುದಿಲ್ಲ, ಹೊರಡುವ ಮುಂಚೆ ಸಮಯ ನೋಡಿಕೊಂಡು ಹೋಗಲಿ. ಬಂದಾಗ ಇಲ್ಲೇ ಒಂದು ಮಾತು ಹಾಕಲು ಹೇಳಿ, ನಾನೇ ಕರೆದುಕೊಂಡು ಹೋಗುತ್ತೇನೆ.